ಅರವತ್ತು ಬಾಟಲಿ ಹೊಳೆ ನೀರು

ಎಂಜಿನಿಯರುಗಳನ್ನು ಕರೆಸಿದ್ದು ಅದು ಮೂರನೆಯ ಸಲ. ಮೊದಲನೆಯ ಸಲ ಬಂದವರು ಕೊಳವೆಗಳನ್ನು ಬದಲಾಯಿಸಿ, ಗೇಟಿನ ಮುಂದೆ ನೀಲಿ ಬೋರ್ಡು ನೆಟ್ಟು ಹೋದರು. ಎರಡನೆಯವರು ಒಂದು ಯಂತ್ರದ ಪೆಟ್ಟಿಗೆ ತಂದಿಟ್ಟರು. ನೀರಿಗೆ ಪಟಿಕ ಎಷ್ಟು ಹಾಕಬೇಕೆಂದು ಅದೇ ಹೇಳುತ್ತದೆ ಎಂದರು. ಒಂದು ಸಿಡಿಲಿನ ಮಳೆಗೆ ಅದರ ದೀಪಗಳು ಆರಿದವು. ಆಮೇಲೆ ಪಂಪ್‌ಹೌಸಿನ ಆಪರೇಟರ್ ಅದರ ಮೇಲೆ ತಮ್ಮ ಊಟದ ಡಬ್ಬಿ ಇಡತೊಡಗಿದರು. ಇಲಿಗೆ ಎಟುಕದಷ್ಟು ಎತ್ತರವಿತ್ತು, ಅಷ್ಟೇ.

ನಾನು ಆ ಊರಿನ ಪುರಸಭೆಯಲ್ಲಿ ಗುಮಾಸ್ತೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಸೀಮೆಯಲ್ಲಿರುವ ಒಂದು ಊರು ಎಂದಷ್ಟೇ ಹೇಳುತ್ತೇನೆ. ಹೆಸರು ಬರೆದರೆ ಇಲ್ಲಿ ಬರುವ ಮನುಷ್ಯ ಯಾರೆಂದು ಮೂರು ಬೀದಿಗೆ ಗೊತ್ತಾಗುತ್ತದೆ. ಊರಿಗೆ ಕುಡಿಯುವ ನೀರು ಹೊಳೆಯದು. ದಂಡೆಯ ಬಾವಿಗೆ ನೀರು ಇಳಿಯುತ್ತದೆ, ಪಂಪು ಅದನ್ನು ದಿಬ್ಬದ ಮೇಲಿನ ತೊಟ್ಟಿಗೆ ಎತ್ತುತ್ತದೆ. ಅಲ್ಲಿ ಪಟಿಕ ಬೆರೆಸಿ, ಮಣ್ಣು ತಳಕ್ಕೆ ಕೂರಲು ಬಿಡುತ್ತಾರೆ. ತಿಳಿಯಾದದ್ದನ್ನು ಮರಳಿನಲ್ಲಿ ಸೋಸಿ, ಬ್ಲೀಚಿಂಗ್ ಪೌಡರ್ ಹಾಕಿ ಊರಿಗೆ ಬಿಡುತ್ತಾರೆ. ಬೇಸಿಗೆಯಲ್ಲಿ ಇದಕ್ಕೆ ತಕರಾರಿಲ್ಲ. ಕೊಡಗಿನ ಕಡೆ ಮಳೆ ಹಿಡಿದರೆ, ನಮ್ಮಲ್ಲಿ ಇನ್ನೂ ಬಿಸಿಲಿರುವಾಗಲೇ ಹೊಳೆಗೆ ಹೊಸ ನೀರು ಬರುತ್ತದೆ. ಶುಂಠಿಗೆಂದು ಅಗೆದ ಹೊಲಗಳ ಮಣ್ಣೆಲ್ಲ ಅದರಲ್ಲಿರುತ್ತದೆ. ಆಗ ತೊಟ್ಟಿ ಸಾಲುವುದಿಲ್ಲ. ಮಣ್ಣು ಕೂರುವಷ್ಟು ಹೊತ್ತು ನೀರು ಅಲ್ಲಿ ನಿಲ್ಲುವುದಿಲ್ಲ, ಬಗ್ಗಡ ಸೀದಾ ಮನೆಗಳಿಗೆ ಬರುತ್ತದೆ.

ನಮ್ಮ ಮನೆಯ ನಲ್ಲಿಗೆ ನಾನು ಹಳೆಯ ಸೀರೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಕಟ್ಟುತ್ತೇನೆ. ಬೀದಿಯ ಎಲ್ಲ ಮನೆಗಳಲ್ಲೂ ಕಟ್ಟುತ್ತಾರೆ. ಒಂದು ಮಳೆಗಾಲದಲ್ಲಿ ನಮ್ಮ ಬೀದಿಯ ನಾಲ್ಕು ಮನೆಗಳಲ್ಲಿ ವಾಂತಿಭೇದಿ ಆಯಿತು. ನೀರಿನಿಂದ ಆಯಿತೋ ಇಲ್ಲವೋ ನನಗೆ ತಿಳಿಯದು, ಯಾರೂ ಪರೀಕ್ಷೆ ಮಾಡಲಿಲ್ಲ. ನೀರಿನಿಂದ ಅಲ್ಲ ಎಂದು ಕಚೇರಿಯಿಂದ ಹೋದ ಉತ್ತರವನ್ನು ಟೈಪ್ ಮಾಡಿದವಳು ನಾನು.

ಅದಾದ ಮೇಲೆ, ಹೊಸ ಎಂಜಿನಿಯರುಗಳನ್ನು ನೇಮಿಸಿಕೊಳ್ಳಬೇಕೆಂದು ಸಭೆಯಲ್ಲಿ ತೀರ್ಮಾನವಾಯಿತು. ಪ್ರಕಟಣೆ ಹೊರಡಿಸಿದೆವು. ಮೂರು ಕಡೆಯವರು ಬಂದರು. ಮುಖ್ಯಾಧಿಕಾರಿಗಳ ಕೊಠಡಿಯಲ್ಲಿ ಅವರು, ಇಬ್ಬರು ಸದಸ್ಯರು, ಕಾಗದಪತ್ರ ಹಿಡಿದು ನಾನು ಕೂತಿದ್ದೆವು. ಮೊದಲ ಎರಡು ಕಡೆಯವರು ಗೋಡೆಯ ಮೇಲೆ ಚಿತ್ರಗಳನ್ನು ತೋರಿಸಿದರು. ಯಾವುದೋ ದೂರದ ಊರಿನ ತೊಟ್ಟಿ, ನೀರು ಆಕಾಶದಷ್ಟು ನೀಲಿ. ಸದಸ್ಯರಲ್ಲಿ ಒಬ್ಬರು ಹೊಗೆಸೊಪ್ಪು ಬೆಳೆಯುವ ಹಿರಿಯರು. ಬಹಳ ಹೊತ್ತು ಅದನ್ನು ನೋಡಿ, "ಇದ್ರಲ್ಲಿ ಈಜಾಡ್ಬೌದು ಕಣ್ರೀ. ಕುಡ್ಯಾಕೆ ಯಾವ್ದು, ಅದ ತೋರ್ಸಿ" ಅಂದರು. ಬಂದವರು ನಕ್ಕರು. ನಮಗ್ಯಾರಿಗೂ ನಗು ಬರಲಿಲ್ಲ.

ಮೂರನೆಯವರು ಮೈಸೂರಿನ ಇಬ್ಬರು. ಒಬ್ಬರು ವಯಸ್ಸಾದವರು, ಇನ್ನೊಬ್ಬಳು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವರ ಹತ್ತಿರ ಚಿತ್ರಗಳಿರಲಿಲ್ಲ. ಎಷ್ಟು ದೊಡ್ಡ ತೊಟ್ಟಿ ಬೇಕಾಗುತ್ತದೆ ಎಂದು ಮುಖ್ಯಾಧಿಕಾರಿಗಳು ಕೇಳಿದಾಗ ಆ ಹೆಣ್ಣುಮಗಳು, "ಈಗ ಹೇಳಕ್ಕಾಗಲ್ಲ ಸರ್. ಮಳೆಗಾಲದ ನೀರು ನೋಡಬೇಕು. ದಿನಕ್ಕೆ ಒಂದು ಬಾಟಲಿ, ಎರಡು ತಿಂಗಳು. ಅದರಲ್ಲಿ ಮಣ್ಣೆಷ್ಟಿದೆ, ಅದು ಕೂರಕ್ಕೆ ಎಷ್ಟು ಹೊತ್ತು ಬೇಕು ಅಂತ ನೋಡದೇನೇ ಅಳತೆ ಹೇಳಿದ್ರೆ ಸುಳ್ಳು ಹೇಳಿದ ಹಾಗಾಗತ್ತೆ" ಎಂದಳು.

ಹೊಗೆಸೊಪ್ಪಿನ ಸದಸ್ಯರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಇಷ್ಟು ವರ್ಸಕ್ಕೆ ಒಬ್ಬರಾದ್ರೂ ಗೊತ್ತಿಲ್ಲ ಅಂದ್ರಲ್ಲ. ಇವ್ರೇ ಇರ್ಲಿ ಬುಡಿ ಸಾಹೇಬ್ರೇ."

ಹಾಗೆ ಅವರ ನೇಮಕವಾಯಿತು. ಗೊತ್ತಿಲ್ಲ ಎಂದು ಹೇಳಿದ್ದಕ್ಕೆ ಒಬ್ಬರನ್ನು ಆರಿಸಿಕೊಂಡಿದ್ದನ್ನು ನನ್ನ ನೌಕರಿಯಲ್ಲಿ ಅದೊಂದೇ ಸಲ ಕಂಡೆ.

ಇನ್ನು ಆಪರೇಟರ ವಿಚಾರ ಹೇಳಬೇಕು. ಅವರು ಸಾಲಿಗ್ರಾಮದ ಕಡೆಯವರು. ಮೀಸೆ ಮೂಡುವ ವಯಸ್ಸಿನಲ್ಲಿ ಪಂಪ್‌ಹೌಸಿಗೆ ದಿನಗೂಲಿಯಾಗಿ ಸೇರಿ, ಆಮೇಲೆ ಗುತ್ತಿಗೆಯವರಾಗಿ, ಅಲ್ಲೇ ತಲೆ ಬೆಳ್ಳಗಾಗಿತ್ತು. ಖಾಯಂ ಆಗಿರಲಿಲ್ಲ. ಅವರನ್ನು ಖಾಯಂ ಮಾಡಬೇಕೆಂಬ ಪ್ರಸ್ತಾವ ಎರಡು ಸಲ ಮೇಲಕ್ಕೆ ಹೋಗಿ ಎರಡು ಸಲವೂ ಹಿಂದಿರುಗಿತ್ತು. ಮೂರನೆಯ ಸಲ ನಾನೇ ಸಿದ್ಧಮಾಡಿ ಕಳಿಸಿದ್ದೆ. ಈ ಸಲ ಮೇಲಿನವರು ಒಂದೇ ಒಂದು ಕಾಗದ ಬಾಕಿ ಇದೆ ಎಂದಿದ್ದರು: ಇವರ ಸೇವೆಯಲ್ಲಿ ಯಾವ ಲೋಪವೂ ಇಲ್ಲ ಎಂಬ ದೃಢೀಕರಣ. ಮುಖ್ಯಾಧಿಕಾರಿಗಳು ಸಹಿ ಮಾಡಿ ಕಳಿಸಿದರೆ ಆದೇಶ ಬರುವುದು ಬಹುತೇಕ ಖಚಿತವಿತ್ತು. ಅವರಿಗೆ ಅರವತ್ತಾಗಲು ಎರಡು ವರ್ಷವಿತ್ತು.

ನಾನು ಎದುರಾದಾಗಲೆಲ್ಲ ಕೇಳುತ್ತಿದ್ದರು. "ಮೇಡಮ್ಮೋರೇ, ನಂದೇನಾಯ್ತು?"

"ಮೈಸೂರಿನಲ್ಲಿದೆ ಅಣ್ಣ. ಇಲ್ಲಿಂದ ಒಂದು ಕಾಗದ ಹೋಗಬೇಕು."

"ಮೈಸೂರಿಗೆ ಒಡ್ಕಂಡು ಓದ ಎಮ್ಮೇನೂ ಸಂಜೆಗೆ ತಿರುಗಾ ಬತ್ತದೆ. ಇದ್ಯಾವ ಸೀಮೆ ಫೈಲು ಕಣಿ, ಬರಾದೇ ಇಲ್ವಲ್ಲ?"

ಅದೇ ಮಾತು, ಅದೇ ನಗು. ನಾನೂ ನಗುತ್ತಿದ್ದೆ.

ಜೂನ್ ತಿಂಗಳಲ್ಲಿ ಆ ಎಂಜಿನಿಯರ್ ಹುಡುಗಿ ವ್ಯಾನಿನಲ್ಲಿ ಎರಡು ಪೆಟ್ಟಿಗೆ ಖಾಲಿ ಬಾಟಲಿಗಳನ್ನು ತಂದಿಳಿಸಿದಳು. ಬಿಳಿ ಪ್ಲಾಸ್ಟಿಕ್ಕಿನವು, ಒಳಗಿರುವುದು ಹೊರಗೆ ಕಾಣುವುದಿಲ್ಲ. ಜೊತೆಗೆ ಹಾಳೆಗಳ ಒಂದು ಪುಸ್ತಕ. ದಿನಕ್ಕೊಂದು ಸಾಲು. ಮಾದರಿ ತೆಗೆದವರ ಸಹಿಗೆ ಒಂದು ಕಲಂ, ಯಾರ ಸಮಕ್ಷಮ ತೆಗೆಯಲಾಯಿತು ಎಂಬುದಕ್ಕೆ ಇನ್ನೊಂದು. ಆ ದಿನ ಆಪರೇಟರು ಮರಳಿನ ತೊಟ್ಟಿಗೆ ಇಳಿದು ಕೆಸರು ಕೆರೆಯುತ್ತಿದ್ದರು. ಅವಳಿಗೆ ಎಚ್.ಡಿ. ಕೋಟೆಯ ಕಡೆ ಇನ್ನೊಂದು ಕೆಲಸವಿತ್ತು. ಹಾಗಾಗಿ ನನಗೆ ಹೇಳಿ ಹೊರಟಳು. ನಾನು ಸಂಜೆ ಅವರಿಗೆ ಹೇಳಿದೆ. ಬೆಳಿಗ್ಗೆ ಆರಕ್ಕೆ ತೆಗೆಯಬೇಕು, ಹೊಳೆಯ ನೀರೇ ಆಗಬೇಕು, ತೊಟ್ಟಿಯದಲ್ಲ. ಬಾಟಲಿಯ ಒಳಗೆ ಬೆರಳು ತಾಕಬಾರದು. ಕಂಠದವರೆಗೆ ತುಂಬಬೇಕು. ಮುಚ್ಚಳ ಬಿಗಿಯಾಗಿರಬೇಕು. ನೆರಳಲ್ಲಿ ಇಡಬೇಕು. ಅವಳು ಹೇಳಿದ್ದರಲ್ಲಿ ಒಂದನ್ನೂ ನಾನು ಬಿಡಲಿಲ್ಲ. ಅವಳು ಹೇಳದೆ ಇದ್ದದ್ದನ್ನು ನಾನೂ ಹೇಳಲಿಲ್ಲ.

ಅವರು ಎಲ್ಲವನ್ನೂ ಎರಡೆರಡು ಸಲ ಕೇಳಿಕೊಂಡರು. "ನಮ್ ಹೊಳೆ ನೀರು ಮೈಸೂರ್ಗೋಯ್ತದಾ?" ಅಂದರು.

"ಹೂಂ ಅಣ್ಣ. ಅಲ್ಲಿ ಲ್ಯಾಬಿನಲ್ಲಿ ನೋಡ್ತಾರೆ. ಅದನ್ನ ನೋಡಿ ತೊಟ್ಟಿ ಕಟ್ಟೋದು."

"ಅಂಗಾರೆ ಮಜ್‌ಬೂತಾಗೇ ಮಾಡ್ಬೇಕು ಬುಡಿ."

ವಾರಕ್ಕೊಮ್ಮೆ, ಶನಿವಾರ, ಅವರು ಏಳು ಬಾಟಲಿಗಳನ್ನು ಚೀಲದಲ್ಲಿ ಹಾಕಿಕೊಂಡು ಮೊಪೆಡ್ಡಿನ ಮೇಲೆ ಕಚೇರಿಗೆ ತರುತ್ತಿದ್ದರು. ಹಾಳೆಯಲ್ಲಿ ಅವರ ಏಳು ಸಹಿಗಳಿರುತ್ತಿದ್ದವು. ಪಕ್ಕದ ಕಲಮಿನಲ್ಲಿ ನಾನು ಏಳು ಸಹಿ ಹಾಕುತ್ತಿದ್ದೆ, ಒಂದರ ಕೆಳಗೆ ಒಂದು, ಒಂದೇ ಉಸಿರಿಗೆ. ಮಧ್ಯಾಹ್ನ ಮೈಸೂರಿನ ವ್ಯಾನು ಬಂದು ಒಯ್ಯುತ್ತಿತ್ತು. ನಾನು ಒಂದು ಬಾಟಲಿಯ ಮುಚ್ಚಳವನ್ನೂ ತೆಗೆದು ನೋಡಲಿಲ್ಲ. ಒಂದು ಬೆಳಿಗ್ಗೆಯೂ ಹೊಳೆಗೆ ಹೋಗಲಿಲ್ಲ. ಕಚೇರಿಯಲ್ಲಿ 'ಸಮಕ್ಷಮ' ಎಂಬ ಕಲಮಿಗೆ ಸಹಿ ಹಾಕುವುದು ಹೀಗೆಯೇ. ನನಗಿಂತ ಮುಂಚಿನವರೂ ಹೀಗೆ ಹಾಕಿದ್ದರು. ಇದು ಸಮರ್ಥನೆಯಲ್ಲ. ಹೇಗಿತ್ತೋ ಹಾಗೆ ಬರೆಯುತ್ತಿದ್ದೇನೆ.

ಮೊದಲ ತಿಂಗಳ ಮೂವತ್ತು ಬಾಟಲಿಗಳ ಮೇಲೆ ಒಂದು ಕರಡು ವರದಿ ಬಂತು. ಸಭೆಯ ಮುಂದಿಡಲು ಅದರ ಸಾರಾಂಶವನ್ನು ಕನ್ನಡದಲ್ಲಿ ಬರೆಯುವ ಕೆಲಸ ನನ್ನದು. ಮಳೆಗಾಲದಲ್ಲೂ ಹೊಳೆಯ ನೀರಿನಲ್ಲಿ ಮಣ್ಣು ಸಾಧಾರಣ ಪ್ರಮಾಣದಲ್ಲಿದೆ, ಇಷ್ಟಕ್ಕೆ ಈಗಿರುವ ತೊಟ್ಟಿ ದುರಸ್ತಿ ಮಾಡಿದರೆ ಸಾಕು, ಮನೆಗಳಿಗೆ ಬಗ್ಗಡ ಬರುವುದಕ್ಕೆ ಹಳೆಯ ಮರಳೇ ಕಾರಣವಿರಬೇಕು, ಅದನ್ನು ಬದಲಿಸಬೇಕು ಎಂದಿತ್ತು. ಮುಖ್ಯಾಧಿಕಾರಿಗಳು ಓದಿ, "ಪರವಾಗಿಲ್ಲ ಮೇಡಂ, ಚಿಕ್ಕದರಲ್ಲೇ ಮುಗೀತು" ಎಂದರು. ಅವರ ಮುಖದಲ್ಲಿ ಸಮಾಧಾನವಿತ್ತು. ನನಗೂ ಸಮಾಧಾನವಾಯಿತು. ಮುಗಿಯುವುದು ಎಂಬುದೇ ಆ ಕಚೇರಿಯಲ್ಲಿ ಅಪರೂಪ.

ಮನೆಗೆ ಹೋಗಿ ನಲ್ಲಿಯ ಬಟ್ಟೆ ಬಿಚ್ಚಿದೆ. ಬೆಳಿಗ್ಗೆ ಕಟ್ಟಿದ್ದು. ಹಿಂಡಿದರೆ ಬೆರಳುಗಳ ಸಂದಿಯಿಂದ ಕೆಂಪು ಕೆಸರು ಇಳಿಯಿತು. ಒಗೆಯುವ ಕಲ್ಲಿನ ಮೇಲೆ ಅದು ಸಗಣಿ ಸಾರಿಸಿದಷ್ಟು ದಪ್ಪಕ್ಕೆ ನಿಂತಿತು. ಸೋಸಿದ ಮೇಲೆ ಮನೆಗೆ ಬಂದ ನೀರಿನ ಮಣ್ಣು ಇಷ್ಟಾದರೆ, ಹೊಳೆಯಲ್ಲಿ ಸಾಧಾರಣ ಪ್ರಮಾಣ ಹೇಗಾಗುತ್ತದೆ? ಮರಳು ಹಳೆಯದಾಗಿರಬಹುದು, ಆದರೆ ಮರಳು ಮಣ್ಣನ್ನು ಹುಟ್ಟಿಸುವುದಿಲ್ಲ. ಎರಡರಲ್ಲಿ ಒಂದು ಸುಳ್ಳು. ಬಟ್ಟೆ ನನ್ನ ಕೈಯಲ್ಲೇ ಇತ್ತು.

ಮರುದಿನ ಬೆಳಿಗ್ಗೆ ಆರಕ್ಕಿಂತ ಮುಂಚೆ ಪಂಪ್‌ಹೌಸಿಗೆ ಹೋದೆ. ಅಲ್ಲಿ ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆಯುತ್ತೇನೆ.

ಆಪರೇಟರು ಬಕೆಟ್ ಹಿಡಿದು ಮೆಟ್ಟಿಲಿಳಿದು, ಮೊಣಕಾಲಿನವರೆಗೆ ಹೊಳೆಗೆ ಇಳಿದು ನೀರು ಮೊಗೆದರು. ಇಟ್ಟಿಗೆ ಕಲಸಿದಂಥ ನೀರು. ಮೇಲೆ ತಂದು ಬಾವಿಯ ಕಟ್ಟೆಯ ಮೇಲಿಟ್ಟು, ಎಲೆ ಬೀಳದ ಹಾಗೆ ತಟ್ಟೆ ಮುಚ್ಚಿದರು. ಕೈಕಾಲು ತೊಳೆದುಕೊಂಡು ಪಕ್ಕದಲ್ಲಿ ಕೂತರು. ಬಹಳ ಹೊತ್ತು ಕೂತಿದ್ದರು. ಆಮೇಲೆ ತಟ್ಟೆ ತೆಗೆದು ಬಗ್ಗಿ ನೋಡಿದರು. ಒಂದು ಪ್ಲಾಸ್ಟಿಕ್ ಕವರಿನಿಂದ ಮಡಿಸಿದ ಬಿಳಿ ಪಂಚೆಯ ತುಂಡು ತೆಗೆದರು. ಸ್ಟೀಲಿನ ಚೊಂಬಿನ ಬಾಯಿಗೆ ಅದನ್ನು ಎರಡು ಮಡಿಕೆ ಮಾಡಿ ಕಟ್ಟಿ, ಬಕೆಟ್ಟಿನ ತಳ ಕದಡದ ಹಾಗೆ, ಮೇಲಿನ ತಿಳಿಯನ್ನು ಸಣ್ಣಗೆ ಬಗ್ಗಿಸಿದರು. ಚೊಂಬಿನಿಂದ ಬಾಟಲಿಗೆ ಕಂಠದವರೆಗೆ ತುಂಬಿದರು. ಒಳಗೆ ಬೆರಳು ತಾಕಿಸಲಿಲ್ಲ. ಮುಚ್ಚಳ ಬಿಗಿ ಮಾಡಿ ನೆರಳಿಗಿಟ್ಟರು. ಹಾಳೆಯಲ್ಲಿ ಸಹಿ ಮಾಡಿದರು.

ಬಕೆಟ್ಟಿನ ತಳದ ಕೆಸರನ್ನು ಹೊಳೆಗೆ ಚೆಲ್ಲಲು ತಿರುಗಿದಾಗ ನನ್ನನ್ನು ಕಂಡರು. ಮುಖ ಅರಳಿತು. "ಬನ್ನಿ ಬನ್ನಿ ಮೇಡಮ್ಮೋರೇ! ಆಫೀಸಿನೋರು ಯಾರೂ ಈ ಕಡೀಕೆ ತಲೇನೇ ಆಕಾಕಿಲ್ಲ. ಟೀ ಕಾಯಿಸ್ಲಾ?"

"ದಿನಾ ಹಿಂಗೇ ಮಾಡ್ತೀರಾ ಅಣ್ಣ?"

"ಒಂದಿನಾನೂ ತಪ್ಪಿಸಿಲ್ಲ ಕಣಿ. ಈ ಬಟ್ಟೆ ನೋಡಿ, ದಿನಾ ಒಗ್ದು ಒಣಗಾಕ್ತೀನಿ. ಇದ್ಕೇಂತ ಬ್ಯಾರೆ ಮಡಗಿವ್ನಿ."

"ಯಾಕಣ್ಣ ಸೋಸಿದ್ದು?"

ನನ್ನ ಪ್ರಶ್ನೆಯೇ ಅವರಿಗೆ ವಿಚಿತ್ರವೆನಿಸಿತು. "ಇನ್ನೇನು, ಬಗ್ಗಡಾನೇ ಕಳ್ಸಾಕಾದದಾ? ಬೀಗ್ರ ಮನೆಗೆ ಗೆಣಸು ಕಳ್ಸಿದ್ರೂ ಮಣ್ಣ ತೊಳ್ದು ಕಳುಸ್ತೀವಿ. ಅಂತಾದ್ರಲ್ಲಿ ಓದಿರೋ ಮಕ್ಕಳ ಕೈಗೆ ಓಗೋ ನೀರು. ನಮ್ಮೂರ ನೀರ ಕಂಡು ಅವ್ರು ಛೀ ಅನ್ಬಾರ್ದು."

ನಾನು ಕಟ್ಟೆಯ ಮೇಲೆ ಕೂತೆ. ಹೇಗೆ ಹೇಳಬೇಕೋ ತಿಳಿಯಲಿಲ್ಲ, ನಿಧಾನವಾಗಿ ಹೇಳಿದೆ. ಲ್ಯಾಬಿನವರು ನೀರನ್ನು ಕುಲುಕಿ, ಕಾಗದದಲ್ಲಿ ಸೋಸಿ, ಉಳಿದ ಮಣ್ಣನ್ನು ಒಣಗಿಸಿ ತೂಗುತ್ತಾರೆ ಎಂದೆ. ಮಣ್ಣು ಕಡಿಮೆಯಿದ್ದರೆ ತೊಟ್ಟಿ ಚಿಕ್ಕದು ಸಾಕು ಎಂದು ಬರೆಯುತ್ತಾರೆ, ಹಾಗೆಯೇ ಬರೆದಿದ್ದಾರೆ ಎಂದೆ. ಅವರು ಬಟ್ಟೆಯನ್ನು ಮಡಿಸುತ್ತಾ ಕೇಳುತ್ತಿದ್ದರು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದರು.

"ಅಂಗಾರೆ ಅವ್ರಿಗೆ ಬೇಕಾಗಿದ್ದುದು ಮಣ್ಣಾ?"

"ಹೂಂ ಅಣ್ಣ. ಮಣ್ಣೇ ಬೇಕಾಗಿತ್ತು."

"ಯಾರೂ ಏಳ್ನಿಲ್ವಲ್ಲ ನಂಗೆ."

"ಇಲ್ಲ. ಯಾರೂ ಹೇಳಲಿಲ್ಲ."

ಪಂಪಿನ ಸದ್ದು ನಡೆದೇ ಇತ್ತು. ಬಟ್ಟೆಯನ್ನು ಕಟ್ಟೆಯ ಮೇಲಿಟ್ಟು ಕೇಳಿದರು: "ಇದು ನನ್ ಫೈಲಿಗೆ ಬತ್ತದಾ?"

ಗೊತ್ತಿಲ್ಲ ಅಣ್ಣ ಎಂದೆ. ಗೊತ್ತಿತ್ತು.

ಮೂರು ದಿನ ನಾನು ಯಾರಿಗೂ ಹೇಳಲಿಲ್ಲ. ಆ ಮೂರು ದಿನದ ಬಗ್ಗೆ ಹೆಚ್ಚು ಬರೆಯಲು ಇಲ್ಲ. ಕಚೇರಿಗೆ ಹೋದೆ, ಬಂದೆ, ಬಟ್ಟೆ ಕಟ್ಟಿದೆ, ಬಿಚ್ಚಿದೆ. ಹೇಳದಿದ್ದರೆ ದೃಢೀಕರಣಕ್ಕೆ ಮುಂದಿನ ವಾರ ಸಹಿ ಬೀಳುತ್ತದೆ, ಆ ಮನುಷ್ಯನ ಕೈಗೆ ಆದೇಶ ಬರುತ್ತದೆ. ತೊಟ್ಟಿ ಚಿಕ್ಕದಾಗೇ ಉಳಿಯುತ್ತದೆ. ಇನ್ನೊಂದು ಮೂವತ್ತು ವರ್ಷ ಊರು ಬಗ್ಗಡ ಕುಡಿಯುತ್ತದೆ, ಅದು ಯಾರಿಂದ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಹೇಳಿದರೆ ಮೂವತ್ತು ಬಾಟಲಿಗಳ ಲೆಕ್ಕ ರದ್ದಾಗುತ್ತದೆ. ರದ್ದಾಗಬೇಕಾದರೆ ಕಾರಣ ಬರೆಯಬೇಕು. ಕಾರಣದಲ್ಲಿ ಅವರು ಇರುತ್ತಾರೆ.

ಅವರಿಲ್ಲದ ಕಾರಣವೊಂದನ್ನು ಬರೆಯಲು ಪ್ರಯತ್ನಪಟ್ಟೆ. ಮಾದರಿಗಳನ್ನು ನನ್ನ ಸಮಕ್ಷಮ ತೆಗೆದಿಲ್ಲ, ನೋಡದೆ ಸಹಿ ಹಾಕಿದ್ದೇನೆ, ಸೂಚನೆಯನ್ನು ಸರಿಯಾಗಿ ತಲುಪಿಸಿಲ್ಲ, ಆದ್ದರಿಂದ ಈ ಮಾದರಿಗಳು ನಂಬಿಕೆಗೆ ಅರ್ಹವಲ್ಲ ಎಂದು ಅರ್ಧ ಪುಟ ಬರೆದೆ. ಅದರಲ್ಲಿ ಸುಳ್ಳಿರಲಿಲ್ಲ. ಪೂರ್ತಿ ನಿಜವೂ ಇರಲಿಲ್ಲ. ನಾಲ್ಕನೆಯ ದಿನ ಅದನ್ನು ಮುಖ್ಯಾಧಿಕಾರಿಗಳ ಮುಂದಿಟ್ಟೆ. ಬಾಯಲ್ಲಿ ಎಲ್ಲವನ್ನೂ ಹೇಳಿದೆ.

ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಮೇಡಂ, ಸಾರಾಂಶ ನಿನ್ನೆ ಹಂಚಾಗಿದೆ. ಈಗ ಇದು ಬೇಕಿತ್ತಾ?"

"ತೊಟ್ಟಿ ತಪ್ಪಾಗತ್ತೆ ಸರ್."

"ಈ ಊರಲ್ಲಿ ಯಾವ ತೊಟ್ಟಿ ಸರಿಯಾಗಿದೆ ಹೇಳಿ." ಹಾಗೆಂದವರು ಮತ್ತೆ ಕಾಗದ ಓದಿದರು. ಕೆಟ್ಟ ಮನುಷ್ಯರಲ್ಲ, ದಣಿದವರು. ಮೈಸೂರಿಗೆ ಅವರೇ ಫೋನ್ ಮಾಡಿದರು.

ಹಿರಿಯ ಎಂಜಿನಿಯರಿಗೆ ಸಿಟ್ಟು ಬಂತು. ಉಳಿದ ದಿನಗಳ ನೀರಷ್ಟೇ ಸಾಲದು, ಹೊಸ ನೀರು ಬರುವ ವಾರಗಳು ಕಳೆದುಹೋದವು, ಇನ್ನು ಮುಂದಿನ ಮಳೆಗಾಲದವರೆಗೆ ಕಾಯಬೇಕು ಎಂದರು. ಹುಡುಗಿ ಎಂಜಿನಿಯರ್ ಮಾತ್ರ ನನಗೆ ಬೇರೆಯಾಗಿ ಫೋನ್ ಮಾಡಿದಳು. "ಮೇಡಂ, ನಾನೇ ಹೊಳೇಲಿ ನಿಂತು ತೋರಿಸಬೇಕಿತ್ತು. ನೀರು ಹಿಡಿಯೋದನ್ನೂ ಯಾರಿಗಾದ್ರೂ ಹೇಳಿಕೊಡಬೇಕಾ ಅಂದ್ಕೊಂಡೆ" ಎಂದಳು.

ಮೇಲಿನ ಕಚೇರಿಗೆ ಒಂದು ವರ್ಷದ ವಿಳಂಬದ ಕಾರಣ ಬೇಕಾಯಿತು. ನನ್ನ ಅರ್ಧ ಪುಟ ಸಾಕಾಗಲಿಲ್ಲ. ಹಾಳೆಯ ಇನ್ನೊಂದು ಕಲಮಿನಲ್ಲಿ ಆಪರೇಟರ ಮೂವತ್ತು ಸಹಿಗಳಿದ್ದವು. ಮಾದರಿ ತೆಗೆದವರ ಹೇಳಿಕೆ ಪಡೆಯಿರಿ ಎಂದು ಬಂತು. 'ಸಮಕ್ಷಮ' ಸಹಿಗಾಗಿ ನನಗೊಂದು ಎಚ್ಚರಿಕೆಯ ಪತ್ರ ಬಂತು. ಅದನ್ನು ನಾನೇ ನನ್ನ ಕಡತಕ್ಕೆ ಸೇರಿಸಿದೆ. ಖಾಯಂ ನೌಕರಳಿಗೆ ಎಚ್ಚರಿಕೆಯ ಪತ್ರದಿಂದ ಏನೂ ಆಗುವುದಿಲ್ಲ.

ಹೇಳಿಕೆಗೆ ಆಪರೇಟರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಮುಖ್ಯಾಧಿಕಾರಿಗಳು ಕೇಳುತ್ತಿದ್ದರು, ಅವರು ಹೇಳುತ್ತಿದ್ದರು, ಬರೆದುಕೊಳ್ಳುವವಳು ನಾನು.

ಅವರನ್ನು ಬಚಾವು ಮಾಡಲು ಮುಖ್ಯಾಧಿಕಾರಿಗಳೇ ದಾರಿ ತೋರಿಸಿದರು. "ನೋಡಿ, ನೀರು ತಾನಾಗೇ ತಿಳಿಯಾಗಿತ್ತು ಅಂತೀರೋ? ಒಂದೆರಡು ದಿನ ಮಾತ್ರ ಹಂಗಾಯ್ತು ಅಂತೀರೋ?"

"ಇಲ್ಲ ಸಾ. ದಿನಾ ನಾನೇ ಸೋಸ್ದೆ."

"ಮೇಡಂ ಏನಾದ್ರೂ ಸೋಸಿ ಅಂತ ಹೇಳಿದ್ರಾ?"

ಅವರು ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಲಿಲ್ಲ, ಹೂಂ ಎನ್ನಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಹಾಗೆ ಬೇಡಿಕೊಂಡೆನೆಂಬುದು ನನಗೆ ಚೆನ್ನಾಗಿ ನೆನಪಿದೆ.

"ಇಲ್ಲ ಸಾ. ಅವ್ರು ಏಳ್ನಿಲ್ಲ. ಸೋಸ್ಬೇಡ ಅಂತಾನೂ ಏಳ್ನಿಲ್ಲ. ನನ್ ಬುದ್ಧೀಲೇ ಮಾಡಿದ್ದು. ಕೊಳಕಾ ಕೊಡಾಕೆ ನಂಗೆ ಮನಸ್ಸು ಬರ್ನಿಲ್ಲ."

ಕೊನೆಯ ಮಾತನ್ನು ಕಚೇರಿಯ ಭಾಷೆಯಲ್ಲಿ ಬರೆಯುವುದು ಹೇಗೆಂದು ನನಗೆ ತೋಚಲಿಲ್ಲ. 'ಸದರಿಯವರು ಸ್ವಇಚ್ಛೆಯಿಂದ ಮಾದರಿಗಳನ್ನು ಸೋಸಿರುವುದಾಗಿ ಒಪ್ಪಿರುತ್ತಾರೆ' ಎಂದು ಬರೆದೆ. ಓದಿ ಹೇಳಿ ಎಂದು ಆಪರೇಟರು ಅಂದರು. ಓದಿದೆ.

"ಸುಳ್ಳೇನೂ ಇಲ್ವಲ್ಲ ಮೇಡಮ್ಮೋರೇ?"

"ಇಲ್ಲ ಅಣ್ಣ."

"ಎಲ್ಲಿ ರುಜು ಆಕ್ಬೇಕು ತೋರ್ಸಿ."

ನಾನು ಬೆರಳಿಟ್ಟು ತೋರಿಸಿದೆ.

ಮುಂದಿನ ಜೂನ್ ಬಂತು. ಬಾಟಲಿ ಹಿಡಿಯಲು ಬೇರೆಯವರನ್ನು ಹಾಕಬೇಕೆಂದು ಕಚೇರಿಯಲ್ಲಿ ಮಾತಾಯಿತು. ಬೇರೆ ಯಾರೂ ದಿನಾ ಬೆಳಿಗ್ಗೆ ಆರಕ್ಕೆ ಹೊಳೆಗಿಳಿಯಲು ಒಪ್ಪಲಿಲ್ಲ. ಆ ಹುಡುಗಿ ಎಂಜಿನಿಯರೂ ಆಪರೇಟರೇ ಹಿಡಿಯಲಿ ಎಂದಳು. ಈ ಸಲ ಬಂದು, ಪ್ಯಾಂಟು ಮಡಿಸಿಕೊಂಡು ನೀರಿಗಿಳಿದು ತೋರಿಸಿಕೊಟ್ಟಳು. ಬಾಟಲಿಯನ್ನು ತಲೆಕೆಳಗಾಗಿ ಮುಳುಗಿಸಿ, ಹರಿವಿಗೆ ಎದುರಾಗಿ ತಿರುಗಿಸಿ, ಬಂದದ್ದನ್ನು ಬಂದ ಹಾಗೇ ಹಿಡಿಯುವುದು. ಅವರು ಒಂದೇ ಸಲಕ್ಕೆ ಕಲಿತರು. ಮೇಲೆ ನಿಂತು ಮುಚ್ಚಳ ಕೊಡಲು, ಸಮಯ ಬರೆಯಲು ನಾನು ದಿನಾ ಹೋಗತೊಡಗಿದೆ. ಮೊದಲ ದಿನ ಅವರು ಬಾಟಲಿ ಎತ್ತಿ ಬಗ್ಗಿ ನೋಡಿ ಮುಖ ಕಿವುಚಿದರು. "ಥೂ, ಯಾವ ಮುಖ ಇಟ್ಕಂಡು ಕಳ್ಸಾದು ಇದ್ನ" ಅಂದರು. ಆದರೂ ಮುಚ್ಚಳ ಬಿಗಿ ಮಾಡಿದರು.

ಅವರ ಕಡತ ಹಿಂದಿರುಗಿದ್ದು ಹದಿನೇಳನೆಯ ಬಾಟಲಿಯ ದಿನ, ಮಧ್ಯಾಹ್ನದ ಟಪಾಲಿನಲ್ಲಿ. ಒಂದು ಸಾಲಿತ್ತು: ಸೇವೆಯಲ್ಲಿ ಲೋಪ ಕಂಡುಬಂದಿರುವುದರಿಂದ ಪರಿಗಣಿಸಲು ಅವಕಾಶವಿಲ್ಲ. ನಾಲ್ಕನೆಯ ಸಲ ಕಳಿಸುವಷ್ಟು ಕಾಲ ಅವರಿಗೆ ಉಳಿದಿರಲಿಲ್ಲ. ಅದನ್ನು ನಾನೇ ಹೇಳಬೇಕಿತ್ತು. ಕಚೇರಿಗೆ ಕರೆಸಲು ಮನಸ್ಸಾಗಲಿಲ್ಲ. ಮರುದಿನ ಬೆಳಿಗ್ಗೆ ಹೊಳೆಗೆ ಹೋದಾಗ ಹೇಳಿದೆ.

ಅವರು ಆಗಲೇ ನೀರಿನಲ್ಲಿದ್ದರು. ರಾತ್ರಿ ಮೇಲುಗಡೆ ಜೋರು ಮಳೆಯಾಗಿರಬೇಕು, ಹೊಳೆ ತೊಡೆಯವರೆಗೆ ಬಂದಿತ್ತು. ನಾನು ಹೇಳಿದ್ದು ಕೇಳಿಸಿತೋ ಇಲ್ಲವೋ ಎಂದು ಮತ್ತೊಮ್ಮೆ ಹೇಳಿದೆ.

"ಕೇಳುಸ್ತು" ಅಂದರು. ಬಾಟಲಿ ಮುಳುಗಿಸಿದರು, ತಿರುಗಿಸಿದರು, ತುಂಬುವವರೆಗೆ ಹಿಡಿದರು. ಮೆಟ್ಟಿಲ ಹತ್ತಿರ ಬಂದು ಕೈ ಚಾಚಿದರು. ಮುಚ್ಚಳ ಕೊಟ್ಟೆ. ಬಾಟಲಿ ನನ್ನ ಕೈಗೆ ಬಂದಾಗ ಅದರ ಹೊರಮೈಯೆಲ್ಲ ಕೆಂಪಗಿತ್ತು. ಸಮಯ ಬರೆದೆ. ನನ್ನ ಸಹಿ ಹಾಕಿದೆ.

ಅವರು ಕಟ್ಟೆಯ ಮೇಲೆ ಕೂತು ಕಾಲಿನ ಕೆಸರನ್ನು ಒಂದು ಕಡ್ಡಿಯಿಂದ ಕೆರೆಯುತ್ತಿದ್ದರು. ನನ್ನ ಕಡೆ ನೋಡದೆ ಹೇಳಿದರು. "ನಿಮ್ ಮ್ಯಾಲೆ ಸಿಟ್ಟಿಲ್ಲ ಅಂತ ನಾನು ಏಳಾಕಿಲ್ಲ ಮೇಡಮ್ಮೋರೇ. ಅದೆ. ನೀವು ಅವತ್ತು ಆ ಕಾಗ್ದ ಬರೀದೆ ಇದ್ದಿದ್ರೆ ಆಯ್ತಿತ್ತು. ತೊಟ್ಟಿ ಅಂಗೇ ಇರಾದು, ನಾನು ಇಂಗಿರ್ತಿರ್ನಿಲ್ಲ."

"ಹೌದು ಅಣ್ಣ."

"ಹೌದು ಅಂದ್ಬುಟ್ರೆ ಆಯ್ತಾ?"

ಕಡ್ಡಿ ಎಸೆದು ಪಂಪು ಹಾಕಲು ಎದ್ದರು. ಬಾಗಿಲಲ್ಲಿ ನಿಂತು, "ನಾಳಿಕ್ಕೆ ಬೇಗ ಬನ್ನಿ. ನೀರು ಏರ್ತಾ ಅದೆ, ಒಬ್ನೇ ಆಗಾಕಿಲ್ಲ" ಅಂದರು.

ಮರುದಿನ ಐದೂವರೆಗೆ ಹೋದೆ. ಅವರು ಒಂದು ಹಗ್ಗ ತಂದಿದ್ದರು. ಒಂದು ತುದಿಯನ್ನು ತಮ್ಮ ಸೊಂಟಕ್ಕೆ ಕಟ್ಟಿಕೊಂಡರು, ಇನ್ನೊಂದನ್ನು ಬಾವಿಯ ಕಂಬಿಗೆ ಸುತ್ತಿ ನನ್ನ ಕೈಗೆ ಕೊಟ್ಟರು. ಹತ್ತೊಂಬತ್ತನೆಯ ಬಾಟಲಿ ತುಂಬಿತು. ಇನ್ನೂ ನಲವತ್ತೊಂದು ಬಾಕಿಯಿದ್ದವು.